ಉಪ್ಪುನೀರಿನ ಇಲಿಗಳು

ಕೂಕಟ್‌ಪಲ್ಲಿ, ಹೈದರಾಬಾದ್
4 ಮಾರ್ಚ್ 2024

ಶ್ರೀವಿದ್ಯಾ ಮೇಡಂ ಅವರಿಗೆ,

ಮೈಸೂರಿನಿಂದ ನೀವು ಮೊಬೈಲಿಗೆ ಕಳಿಸಿದ ಪ್ರಶ್ನೆ ಓದಿದೆ. ಉತ್ತರವನ್ನು ಮೊಬೈಲಿನಲ್ಲಿ ಕೊಡುವುದಿಲ್ಲ. ಅಲ್ಲಿ ಬರೆದದ್ದನ್ನು ಬರೆದವರು ಅಳಿಸಬಹುದು, ಓದಿದವರು ತಮಗೆ ಬೇಕಾದಷ್ಟರ ಚಿತ್ರ ಮಾತ್ರ ತೆಗೆದಿಡಬಹುದು. ಕಾಗದಕ್ಕೆ ಆ ಚಾಲಾಕಿತನ ಬರುವುದಿಲ್ಲ. ಅದಕ್ಕೇ ಸ್ಪೀಡ್ ಪೋಸ್ಟು. ನೀವೂ ಹಾಗೆಯೇ ಬರೆಯಿರಿ.

ನಿಮ್ಮ ಪ್ರಶ್ನೆ: "ಕಲ್ಯಾಣಪ್ಪನವರೇ, ನೀವು ಕೊಟ್ಟ ಇಲಿಗಳು ಹೊಸವೇ ತಾನೇ?"

ಮೇಡಂ, ಬದನೆಕಾಯಿ ಮಾರುವವಳನ್ನು ಹೊಸದಾ ಎಂದು ಕೇಳಿದರೆ ಹಳೆಯದು ಎಂದು ಹೇಳಿದವಳನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಆದರೂ ಹೇಳುತ್ತೇನೆ, ಹೊಸವು. ನನ್ನ ಶೆಡ್ಡಿನಲ್ಲೇ ಹುಟ್ಟಿ, ನನ್ನ ಶೆಡ್ಡಿನಲ್ಲೇ ತಾಯಿಯ ಹಾಲು ಬಿಟ್ಟವು. ನಾನು ಸೇಡಂನಿಂದ ಅಪ್ಪನ ಹಿಂದೆ ಇಟ್ಟಿಗೆ ಹೊರಲು ಈ ಊರಿಗೆ ಬಂದವನು. ಲ್ಯಾಬುಗಳಲ್ಲಿ ಪಂಜರ ತೊಳೆದೆ, ಸಾಕುವುದನ್ನು ಕಲಿತೆ, ಸರ್ಕಾರದ ನೋಂದಣಿ ಮಾಡಿಸಿದೆ. ಈಗ ಬಿಳಿ ಇಲಿ ಬೇಕೆಂದರೆ ದೊಡ್ಡ ದೊಡ್ಡ ಡಾಕ್ಟರುಗಳು ನನ್ನನ್ನು "ಕಲ್ಯಾಣಪ್ಪನವರೇ" ಎನ್ನುತ್ತಾರೆ. ಇಲಿ ಎಂದರೆ ಲೋಕ ಮೂಗು ಮುಚ್ಚುತ್ತದೆ. ನನ್ನ ಹೆಸರಿನ ಕೊನೆಗೆ "ಅವರು" ಸೇರಿಸಿದ್ದು ಇಲಿಯೇ. ಆ ನೋಂದಣಿ ಹೋದರೆ "ಅವರು" ಕೂಡ ಹೋಗುತ್ತದೆ.

ಬೇಗಂಪೇಟೆಯ ನಿಮ್ಮ ಲ್ಯಾಬಿಗೆ ಇಲಿ ಕೊಡುವವನೂ ನಾನೇ, ಅಲ್ಲಿ ಪಂಜರ ತೊಳೆಯುವ ಸುಗಲಮ್ಮನನ್ನು ಕೆಲಸಕ್ಕೆ ಇಟ್ಟವನೂ ನಾನೇ. ಏನು ಎಡವಟ್ಟಾಗಿದೆ, ಬಿಡಿಸಿ ಬರೆಯಿರಿ. ಜೊತೆಗೆ ಇನ್ನೊಂದು. ಪ್ರಯೋಗ ಇಲ್ಲಿರುವಾಗ ನೀವು ಇಷ್ಟು ದಿನ ಮೈಸೂರಿನಲ್ಲಿ ಏನು ಮಾಡುತ್ತಿದ್ದೀರಿ? ನಿಮ್ಮ ಕೈಕೆಳಗಿನ ಅಕ್ಷಯನನ್ನು ಕೇಳಿದರೆ ಮೇಲೆ ಫ್ಯಾನು ನೋಡುತ್ತಾನೆ.

ಕಲ್ಯಾಣಪ್ಪ


ಮೈಸೂರು
12 ಮಾರ್ಚ್ 2024

ಕಲ್ಯಾಣಪ್ಪನವರಿಗೆ ನಮಸ್ಕಾರ.

ನಿಮ್ಮ ಕಾಗದ ನೋಡಿ ನಗು ಬಂತು, ಸಂತೋಷವೂ ಆಯಿತು. ಅಪ್ಪನಿಗೆ ಮೊಣಕಾಲಿನ ಆಪರೇಷನ್ ಆಗಿದೆ, ಅದಕ್ಕೇ ಇಲ್ಲಿದ್ದೇನೆ. ಬೇರೇನೂ ಇಲ್ಲ.

ಎಡವಟ್ಟು ಏನೆಂದು ಹೇಳುತ್ತೇನೆ. ಫಿಟ್ಸ್ ಬರಿಸುವ ಒಂದು ಔಷಧವಿದೆ. ಒಮ್ಮೆಲೇ ಹೆಚ್ಚು ಕೊಟ್ಟರೆ ಇಲಿ ಅಲ್ಲೇ ಸೆಳೆತಕ್ಕೆ ಬೀಳುತ್ತದೆ. ನಾವು ಏನೂ ಆಗದಷ್ಟು ಸಣ್ಣ ಪ್ರಮಾಣವನ್ನು ದಿನ ಬಿಟ್ಟು ದಿನ ಕೊಡುತ್ತೇವೆ. ಮೊದಮೊದಲು ಇಲಿ ಸುಮ್ಮನಿರುತ್ತದೆ. ಆಮೇಲೆ ಕಿವಿ ಅದುರುತ್ತದೆ, ತಲೆ ಜೋತಾಡುತ್ತದೆ. ಕೆಲವು ವಾರ ಕಳೆದ ಮೇಲೆ, ಮೊದಲು ಏನೂ ಮಾಡದಿದ್ದ ಅದೇ ಚೂರು ಔಷಧಕ್ಕೆ ಪೂರ್ತಿ ಫಿಟ್ಸ್ ಬರುತ್ತದೆ. ಮಿದುಳು ಅದನ್ನು ಕಲಿತುಬಿಟ್ಟಿರುತ್ತದೆ. ಮಿದುಳಿನಲ್ಲಿ ಕೆರಳಿಸುವ ರಾಸಾಯನಿಕವೊಂದಿದೆ, ಗ್ಲುಟಮೇಟ್. ತಣಿಸುವುದೊಂದಿದೆ, ಗಾಬಾ. ಕಲಿತ ಮಿದುಳಿನಲ್ಲಿ ಕೆರಳಿಸುವುದು ಏರಿ, ತಣಿಸುವುದು ಇಳಿದಿರುತ್ತದೆ. ಔಷಧ ನಿಲ್ಲಿಸಿದರೂ ಅದು ಬೇಗ ಸರಿಹೋಗುವುದಿಲ್ಲ. ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಅಳೆಯುವುದೇ ನನ್ನ ಡಾಕ್ಟರೇಟ್ ಕೆಲಸ.

ಹೋಲಿಸಿ ನೋಡಲು ಇನ್ನೊಂದು ಗುಂಪು ಬೇಕು. ಅವಕ್ಕೆ ಔಷಧವಿಲ್ಲ, ಬರೀ ಉಪ್ಪುನೀರಿನ ಸೂಜಿ. ಅವುಗಳ ಮಿದುಳು ಇದ್ದ ಹಾಗೇ ಇರಬೇಕು. ಈ ಸಲ ಉಪ್ಪುನೀರಿನ ಇಲಿಗಳ ಮಿದುಳಿನಲ್ಲೂ ಏರುಪೇರು ಕಾಣುತ್ತಿದೆ. ಉಪ್ಪುನೀರಿಗೆ ಯಾರ ಮಿದುಳೂ ಕೆಡುವುದಿಲ್ಲ.

ಸುಮ್ಮನೆ ಕುತೂಹಲಕ್ಕೆ ಕೇಳುತ್ತೇನೆ. ಬೇರೆ ಲ್ಯಾಬಿಗೆ ಹೋದ ಇಲಿಗಳು ನಿಮ್ಮಲ್ಲಿಗೆ ವಾಪಸ್ ಬರುವುದುಂಟೇ? ನಿಮ್ಮ ವ್ಯಾಪಾರ ಹೇಗೆ ನಡೆಯುತ್ತದೆ ಎಂದು ತಿಳಿಯುವ ಆಸೆ, ಅಷ್ಟೇ.

ಶ್ರೀವಿದ್ಯಾ


ಕೂಕಟ್‌ಪಲ್ಲಿ
20 ಮಾರ್ಚ್ 2024

ಮೇಡಂ,

ಈ ಊರಿನಲ್ಲಿ ನನ್ನನ್ನು ಕುತೂಹಲಕ್ಕೆ ಮಾತಾಡಿಸಿದವರು ಎರಡು ಥರದವರು. ಹೆಣ್ಣು ಕೊಡುವವರು, ಇಲ್ಲವೇ ಕೇಸು ಹಾಕುವವರು. ನನಗೆ ಮದುವೆಯಾಗಿ ಕಾಲವಾಯಿತು.

ಆದರೂ ಮುಚ್ಚಿಡುವಂಥದ್ದು ನನ್ನಲ್ಲಿಲ್ಲ. ಹೌದು, ದಸರೆಯ ಹೊತ್ತಿಗೆ ಒಂದು ಕಾಲೇಜಿನವರು ಬೇಕೆಂದು ತರಿಸಿಕೊಂಡು, ಬೇಡವೆಂದು ವಾಪಸ್ ಕಳಿಸಿದರು. ಪೆಟ್ಟಿಗೆಯ ಸೀಲು ಕೂಡ ಒಡೆದಿರಲಿಲ್ಲ. ಒಂದು ಸೂಜಿ ತಾಗದ ಇಲಿ ಹೇಗೆ ಹಳೆಯದಾಗುತ್ತದೆ? ಹೋಗಿ ಬಂದ ಮಾತ್ರಕ್ಕೆ ಮದುಮಗಳು ಹಳಬಳಾಗುತ್ತಾಳೆಯೇ?

ನಿಮ್ಮ ಕಾಗದ ಓದಿ ಲ್ಯಾಬಿಗೆ ಹೋಗಿದ್ದೆ. ಇಲಿಮನೆಯ ಬಾಗಿಲಲ್ಲೇ ಅಕ್ಷಯ ಸಿಕ್ಕ. ಮಾಸ್ಕು ಕಣ್ಣಿನವರೆಗೆ ಏರಿಸಿಕೊಂಡಿದ್ದ.

"ಏನಪಾ, ಔಷಧದ ಸೂಜಿ ಯಾವುದು, ಉಪ್ಪುನೀರಿನ ಸೂಜಿ ಯಾವುದು ಅಂತ ಹೆಂಗ ಗುರ್ತ ಹಿಡೀತಿ?" ಎಂದೆ.

"ಬಣ್ಣದ ಟೇಪ್ ಹಾಕಿರ್ತೀವಿ ಅಂಕಲ್."

"ಎರಡಕ್ಕೂ ಒಂದ ಬಣ್ಣ ಹಾಕಿದ್ರ?"

"ಅಂಕಲ್, ಪ್ಲೀಸ್. ನನ್ ಹತ್ರ ಯಾರೂ ಏನೂ ಕೇಳ್ಬಾರ್ದು ಅಂತ ಹೇಳಿದಾರೆ."

"ಯಾರು ಹೇಳ್ಯಾರ?"

ಮತ್ತೆ ಫ್ಯಾನು ನೋಡಿದ. ಕಳ್ಳನಿಗೆ ಕಣ್ಣು ನಿಲ್ಲುವುದಿಲ್ಲ, ಹೆದರಿದವನಿಗೂ ನಿಲ್ಲುವುದಿಲ್ಲ. ಇವನು ಯಾವುದು ಎಂದು ನೀವೇ ಹೇಳಬೇಕು, ಕೆಲಸ ಕಲಿಸಿದವರು ನೀವು. ನನ್ನನ್ನು ಕೇಳಿದರೆ ಅವನು ಸೂಜಿ ಅದಲುಬದಲು ಮಾಡಿದ್ದಾನೆ.

ಅಪ್ಪನವರ ಮೊಣಕಾಲು ಈಗ ಹೇಗಿದೆ? ಎಡದ್ದೋ ಬಲದ್ದೋ ಬರೆದಿರಲಿಲ್ಲ.

ಕಲ್ಯಾಣಪ್ಪ


ಮೈಸೂರು
28 ಮಾರ್ಚ್ 2024

ಕಲ್ಯಾಣಪ್ಪನವರಿಗೆ,

ವಾಪಸ್ ಬಂದ ಆ ಇಲಿಗಳು ನನ್ನ ಗುಂಪಿನಲ್ಲಿ ಸೇರಿದ್ದವೇ, ಇಲ್ಲವೇ? ಒಂದೇ ಮಾತಿನಲ್ಲಿ ಬರೆಯಿರಿ.

ಯಾಕೆ ಕೇಳುತ್ತಿದ್ದೇನೆ ಎಂಬುದೂ ನಿಮಗೆ ತಿಳಿದಿರಲಿ. ಬೇರೆ ಲ್ಯಾಬಿನಲ್ಲಿ ಮೊದಲೇ ಇಂಥ ಔಷಧ ತಿಂದ ಇಲಿ ಹೊರಗಿನಿಂದ ನೋಡಿದರೆ ಗಟ್ಟಿಯಾಗಿಯೇ ಇರುತ್ತದೆ. ತಿನ್ನುತ್ತದೆ, ಓಡಾಡುತ್ತದೆ, ಕೈಗೆತ್ತಿಕೊಂಡರೆ ಮೂಸುತ್ತದೆ. ಮಿದುಳು ತೆಗೆದು ಅಳೆದಾಗ ಮಾತ್ರ ಗೊತ್ತಾಗುತ್ತದೆ. ಉಪ್ಪುನೀರಿನ ಗುಂಪಿನಲ್ಲಿ ನಮಗೆ ಕಂಡದ್ದು ಅಂಥದ್ದೇ.

ಅಕ್ಷಯನ ಜೊತೆ ಈ ವಿಷಯ ಮಾತಾಡಬೇಡಿ.

ಶ್ರೀವಿದ್ಯಾ


ಕೂಕಟ್‌ಪಲ್ಲಿ
8 ಏಪ್ರಿಲ್ 2024

ಶ್ರೀವಿದ್ಯಾ ಅವರಿಗೆ,

ಮೊಣಕಾಲಿಗೆ ಉತ್ತರ ಬರಲಿಲ್ಲ. ಬರುವುದಿಲ್ಲ ಎಂದು ಈಗ ಗೊತ್ತಾಯಿತು.

ಮೊನ್ನೆ ನಿಮ್ಮ ಸಂಸ್ಥೆಯ ವಿಚಾರಣಾ ಕಮಿಟಿಯಿಂದ ನನಗೆ ನೋಟಿಸು ಬಂದಿದೆ. ಮೇ 2ಕ್ಕೆ ಹಾಜರಾಗಬೇಕು. "ಬಳಸಿದ ಪ್ರಾಣಿಗಳನ್ನು ಹೊಸವೆಂದು ಮಾರಾಟ ಮಾಡಿದ ಆರೋಪ" ಎಂದಿದೆ. ಆರೋಪ ನಿಜವೆಂದು ಕಂಡರೆ ನನ್ನ ನೋಂದಣಿ ರದ್ದು ಮಾಡಲು ಬರೆಯುತ್ತಾರಂತೆ. ನೋಟಿಸು ತಂದುಕೊಟ್ಟ ಗುಮಾಸ್ತನಿಗೆ ಒಂದು ಇರಾನಿ ಚಹಾ ಕುಡಿಸಿದೆ. ಉಳಿದದ್ದನ್ನು ಅವನೇ ಹೇಳಿದ. ಉಪ್ಪುನೀರಿನ ಇಲಿಗಳ ಲೆಕ್ಕವನ್ನು ಅಳೆಯದೆಯೇ ನೀವು ಕೂತು ಬರೆದಿರೆಂದು ಅವರಿಗೆ ಅನುಮಾನವಂತೆ. ವಿಚಾರಣೆ ಮುಗಿಯುವ ತನಕ ಲ್ಯಾಬಿಗೆ ಕಾಲಿಡಬಾರದು ಎಂದು ಫೆಬ್ರವರಿಯಲ್ಲೇ ನಿಮಗೆ ಹೇಳಿದ್ದಾರಂತೆ, ಬಾಯಿ ಬಿಡಬಾರದು ಎಂದು ಅಕ್ಷಯನಿಗೂ.

ಹಾಗಾದರೆ ಅಪ್ಪನವರ ಕಾಲು ನೆಟ್ಟಗಿದೆ. ದೇವರು ಇನ್ನೂ ನೆಟ್ಟಗಿಡಲಿ.

ನೀವು ಹೇಳಿದ್ದರೆ ನನಗೆ ಬೇಸರವಿರುತ್ತಿರಲಿಲ್ಲ. ಬಾಗಿಲಿನಿಂದ ಆಚೆ ನಿಲ್ಲು ಎಂದು ನನಗೂ ಬೇಕಾದಷ್ಟು ಜನ ಹೇಳಿದ್ದಾರೆ. ಬೇಸರ ಬೇರೆಯದು. ನೀವು ಮುಳುಗುವ ಕಡೆ ಒಂದು ಹಲಗೆ ಬೇಕಿತ್ತು. ಕಲ್ಯಾಣಪ್ಪ ಅಗಲವಾಗಿ ಕಂಡ.

ನಿಮ್ಮ ಒಂದೇ ಮಾತಿನ ಪ್ರಶ್ನೆಗೆ ಉತ್ತರ: ಸೇರಿರಲಿಲ್ಲ. ಆ ಇಲಿಗಳನ್ನು ಬೇರೆ ಕಡೆ ಕೊಟ್ಟೆ. ನಂಬುವುದು ಬಿಡುವುದು ನಿಮ್ಮದು. ನಾನಂತೂ ನಿಮ್ಮ ಎರಡೂ ಕಾಗದಗಳನ್ನು ಝೆರಾಕ್ಸ್ ಮಾಡಿಸಿ ಇಟ್ಟಿದ್ದೇನೆ. ಇನ್ನು ಮೇಲೆ ದಿನಾ ಹೋಗಿ ಆ ಇಲಿಮನೆಯಲ್ಲೇ ಕೂರುತ್ತೇನೆ. ಯಾರೋ ಏನೋ ಮಾಡುತ್ತಿದ್ದಾರೆ. ಮಾಡುವವರು ನನ್ನ ಮುಂದೆಯೇ ಮಾಡಲಿ.

ಕಲ್ಯಾಣಪ್ಪ


ಮೈಸೂರು
16 ಏಪ್ರಿಲ್ 2024

ಶ್ರೀ ಕಲ್ಯಾಣಪ್ಪ ಅವರಿಗೆ,

ನಿಮ್ಮ 20 ಮಾರ್ಚ್ ಕಾಗದವನ್ನು, ಅಂದರೆ ಇಲಿಗಳು ವಾಪಸ್ ಬಂದವೆಂದು ನೀವೇ ಒಪ್ಪಿಕೊಂಡ ಕಾಗದವನ್ನು, ನಾನು ಕಮಿಟಿಗೆ ಆಗಲೇ ಒಪ್ಪಿಸಿದ್ದೇನೆ. ಅದು ಕೈಗೆ ಬಂದ ವಾರವೇ ಒಪ್ಪಿಸಿದೆ. ಕಾಗದಕ್ಕೆ ಚಾಲಾಕಿತನ ಬರುವುದಿಲ್ಲ ಎಂದವರು ನೀವೇ.

ನಾನು ಸುಳ್ಳು ಲೆಕ್ಕ ಬರೆದಿಲ್ಲ. ಐದು ವರ್ಷದ ಕೆಲಸ ಇದು. ನಾನು ಮಾಡಿಲ್ಲವೆಂದರೆ ಇನ್ಯಾರೋ ಮಾಡಿದ್ದಾರೆ. ಅಕ್ಷಯ ನನ್ನ ಕಣ್ಣೆದುರು ಬೆಳೆದ ಹುಡುಗ. ನೀವು ವ್ಯಾಪಾರಿ.

ಇನ್ನು ಮುಂದೆ ನಮ್ಮ ನಡುವೆ ಪತ್ರ ಬೇಡ.

ಶ್ರೀವಿದ್ಯಾ


ಕೂಕಟ್‌ಪಲ್ಲಿ
16 ಏಪ್ರಿಲ್ 2024

ಶ್ರೀವಿದ್ಯಾ ಮೇಡಂ ಅವರಿಗೆ,

ಕಾರಣ ಸಿಕ್ಕಿತು. ಓದುವಾಗ ಕೂತುಕೊಂಡು ಓದಿ.

ಇವತ್ತು ಪಂಜರಗಳಿಗೆ ಹಾಸಿದ ಹೊಟ್ಟು ಬದಲಿಸುವ ದಿನ. ನಾನು ಒಳಗೆ ಸಿಂಕಿನ ಪಕ್ಕ ಸ್ಟೂಲಿನ ಮೇಲೆ ಕೂತು ಅಕ್ಷಯನ ಕೈಯನ್ನೇ ಕಾಯುತ್ತಿದ್ದೆ. ಸುಗಲಮ್ಮನ ಕೈ ನೋಡುವ ಯೋಚನೆಯೇ ನನಗಿರಲಿಲ್ಲ. ನಾನು ಇಟ್ಟ ಆಳು, ನಮ್ಮ ಕಡೆಯವಳು. ಆಕೆ ಸೊಂಟದಿಂದ ಬಟ್ಟೆಯ ಪುಟ್ಟ ಗಂಟೊಂದನ್ನು ತೆಗೆದು, ಉಪ್ಪುನೀರಿನ ಪಂಜರದ ಹೊಟ್ಟಿನ ಕೆಳಗೆ ಹುದುಗಿಸಿದಳು. ಪಕ್ಕದ ಪಂಜರಕ್ಕೆ ಇನ್ನೊಂದು.

"ಏನವಾ ಅದು?" ಎಂದೆ.

"ಏನಿಲ್ರೀ ಸಾವಕಾರ್ರ, ಕರ್ಪೂರ."

"ಇಲಿಗೆ ಮಂಗಳಾರತಿ ಮಾಡಾಕತ್ತಿ ಏನು?"

"ನಗಬ್ಯಾಡ್ರಿ. ಆ ಕಡೆ ಇಲಿಗಳಿಗೆ ಫಿಟ್ಸ್ ಹತ್ಯಾವ. ಅವಕ್ಕ ಇನ್ನ ಏನೂ ಮಾಡಾಕ ಬರಂಗಿಲ್ಲ. ಈ ಕಡೇವು ಗಟ್ಟಿ ಅದಾವ, ಇವಕ್ಕೂ ಹತ್ತಬಾರದಲ್ರಿ? ಕೊರೊನಾದಾಗ ಎಲ್ಲಾರೂ ಕೊರಳಿಗೆ ಕರ್ಪೂರದ ಗಂಟು ಕಟಗೊಂಡಿದ್ವಿ. ನೀವೂ ಕಟಗೊಂಡಿದ್ರಿ, ನಾ ನೋಡೀನಿ. ನಮ್ಮ ಮನ್ಯಾಗ ಯಾರಿಗರ ಫಿಟ್ಸ್ ಬಂದ್ರ ಉಳದ ಕೂಸುಗಳಿಗೆ ಇದ ಕಟ್ತೀವಿ. ನನ್ನ ಮೊಮ್ಮಗಳ ಕೊರಳಾಗೂ ಐತಿ. ಇಲಿ ಕೊರಳಿಗೆ ಗಂಟು ನಿಲ್ಲಂಗಿಲ್ಲ, ಅದಕ್ಕ ಹೊಟ್ಟಿನಾಗ ಇಡ್ತೀನಿ."

"ಆಮ್ಯಾಲೆ ಆ ಗಂಟು ಎಲ್ಲಿ ಹೋಗ್ತಾವ?"

"ಕಡದು ತಿಂತಾವ್ರಿ. ಇಲಿ ಅಲ್ಲೇನು? ಹೊಟ್ಟಿಗಿ ಹೋದ್ರ ಇನ್ನೂ ಚಲೋ."

ಮೇಡಂ, ಇನ್ನು ಇಡಬೇಡ ಎಂದು ಆ ಎರಡೂ ಗಂಟುಗಳನ್ನು ಹೊರಗೆ ತೆಗೆಸಿದೆ. ವಾಸನೆ ಯಾರಿಗೂ ಹೇಗೆ ಬರಲಿಲ್ಲ ಎಂದು ನೀವು ಕೇಳುತ್ತೀರಿ. ಬಂದಿತ್ತು, ಎಲ್ಲರಿಗೂ ಬಂದಿತ್ತು. ಬಾಗಿಲ ಹೊರಗೆ ಕಾವಲಿನವನು ದೇವರ ಫೋಟೋ ಇಟ್ಟು ದಿನಾ ಕರ್ಪೂರ ಹಚ್ಚುತ್ತಾನೆ. ಆ ವಾಸನೆ ಎಂದುಕೊಂಡೆವು. ಅಲ್ಲಿಂದ ಸೀದಾ ಕೋಠಿಗೆ ಹೋದೆ. ಔಷಧದಂಗಡಿಯ ಹಂಪಯ್ಯ ನನಗೆ ಹಳೆಯ ಪರಿಚಯ. ಅಂಗಡಿಯಲ್ಲಿ ಬಸ್ಸಿನ ಗದ್ದಲ, ಗಿರಾಕಿಗಳ ಗದ್ದಲ. "ಕರ್ಪೂರ ತಿಂದ್ರ ಏನಾಗತೈತಿ?" ಎಂದು ಕೂಗಿ ಕೇಳಿದೆ. ಅವನು ತೂಗುವುದನ್ನು ನಿಲ್ಲಿಸಿ, "ಯಾವ ಕೂಸು ತಿಂತು? ಫಿಟ್ಸ್ ಬರತಾವ, ಮೊದಲ ದವಾಖಾನಿಗೆ ಒಯ್ಯಿ" ಎಂದ.

ಈಗ ನನ್ನ ಮುಂದಿರುವುದನ್ನು ಹೇಳುತ್ತೇನೆ. ನಾನು ಸುಮ್ಮನಿದ್ದರೆ ಹಳೆ ಇಲಿ ಮಾರಿದವನೆಂಬ ಹೆಸರು ನನಗೆ. ಅಕ್ಷಯನ ಮೇಲೆ ಹಾಕಬಹುದು. ಅವನಷ್ಟು ಹೆದರಿದವನ ಮೇಲೆ ಏನು ಹಾಕಿದರೂ ನಿಲ್ಲುತ್ತದೆ. ಒಂದು ಘಳಿಗೆ ಅದನ್ನೂ ಯೋಚಿಸಿದೆ, ನನ್ನನ್ನು ಒಳ್ಳೆಯವನು ಎಂದುಕೊಳ್ಳಬೇಡಿ. ಇದ್ದದ್ದನ್ನು ಇದ್ದಂತೆ ಹೇಳಿದರೆ ಸುಗಲಮ್ಮ ಅವತ್ತೇ ಹೊರಗೆ. ಈ ಊರಿನ ಯಾವ ಲ್ಯಾಬಿನ ಬಾಗಿಲೂ ಆಕೆಗೆ ಮತ್ತೆ ತೆರೆಯುವುದಿಲ್ಲ. ಆಕೆಗೆ ಬೇರೆ ಕೆಲಸ ಬರುವುದಿಲ್ಲ, ಆಕೆಯನ್ನು ಬಿಟ್ಟರೆ ಆ ಮನೆಗೆ ಬೇರೆ ದುಡಿಮೆಯಿಲ್ಲ.

ಹಾಗಾಗಿ, ಇರುವೆ ಬಾರದಿರಲೆಂದು ಕರ್ಪೂರ ಹಾಕಿಸಿದವನು ನಾನೇ ಎಂದು ಹೇಳುತ್ತೇನೆ. ಅರ್ಧ ನಿಜ. ಆಳು ನನ್ನವಳು.

ನಿಮ್ಮನ್ನು ನಂಬಿ ಇದನ್ನು ಬರೆಯುತ್ತಿಲ್ಲ. ಇದು ಹೊರಬಂದರೆ ನಿಮ್ಮ ಲೆಕ್ಕ ಸುಳ್ಳಲ್ಲವೆಂದು ನೀವೂ ಬಿಡುಗಡೆಯಾಗುತ್ತೀರಿ. ನಿಮಗೆ ಲಾಭವಿರುವ ಕಡೆ ನೀವು ನನ್ನ ಕುತ್ತಿಗೆ ಹಿಸುಕುವುದಿಲ್ಲ ಎಂದು ಲೆಕ್ಕ ಹಾಕಿದ್ದೇನೆ. ಒಂದೇ ಬೇಡಿಕೆ. ಆಕೆಯ ಹೆಸರು ಈ ಕಾಗದದಲ್ಲೇ ಇರಲಿ.

ಕಲ್ಯಾಣಪ್ಪ


ಮೈಸೂರು
22 ಏಪ್ರಿಲ್ 2024

ಕಲ್ಯಾಣಪ್ಪನವರಿಗೆ,

ಪತ್ರ ಬೇಡವೆಂದು ಬರೆದಿದ್ದೆ. ನಿಮ್ಮದೂ ನನ್ನದೂ ದಾರಿಯಲ್ಲಿ ಒಂದನ್ನೊಂದು ದಾಟಿ ಹೋದವು.

ಕರ್ಪೂರದ ಕಥೆ ಚೆನ್ನಾಗಿದೆ. ನನಗೆ ಹಿಡಿಸುವ ಹಾಗೆಯೇ ಇದೆ, ಅದೇ ನನಗೆ ತೊಂದರೆ. ನೋಟಿಸು ಬಂದು ಹತ್ತೇ ದಿನದಲ್ಲಿ ನಿಮ್ಮನ್ನೂ ನನ್ನನ್ನೂ ಒಟ್ಟಿಗೆ ಉಳಿಸುವ ಕಾರಣವೊಂದು ನಿಮ್ಮ ಕಣ್ಣೆದುರೇ ಸೊಂಟದಿಂದ ಹೊರಬಂತು ಎಂದರೆ ಯಾರು ನಂಬುತ್ತಾರೆ? ಅದೂ ಓದು ಬಾರದ ಹೆಂಗಸಿನ ಸೊಂಟದಿಂದ. ನಾನು ನಂಬಲಿಲ್ಲ. ಆ ಗಂಟುಗಳನ್ನು ನೀವೇ ಇಡಿಸಿದ್ದೀರಿ ಎಂದೂ ಅನ್ನಿಸಿತು. ಎರಡು ತಿಂಗಳಿನಿಂದ ನನಗೆ ಎಲ್ಲರ ಮೇಲೂ ಹಾಗೆಯೇ ಅನ್ನಿಸುತ್ತಿದೆ. ಅಮ್ಮ ಹಾಲು ಆರಿಸಿ ಕೊಟ್ಟರೆ ಯಾಕೆ ಆರಿಸಿದಳು ಎನ್ನಿಸುತ್ತದೆ.

ಆದರೆ ಉಪ್ಪುನೀರಿನ ಇಲಿಗಳಿಂದ ತೆಗೆದ ಮಾದರಿಗಳು ಜನವರಿಯಿಂದಲೂ ಲ್ಯಾಬಿನ ಫ್ರೀಜರಿನಲ್ಲಿ ಬೀಗದೊಳಗಿವೆ. ನೀವಾಗಲಿ ನಾನಾಗಲಿ ಮುಟ್ಟುವ ಹಾಗಿಲ್ಲ. ಕಮಿಟಿಗೆ ಒಂದೇ ಸಾಲು ಬರೆದಿದ್ದೇನೆ: ಅವುಗಳಲ್ಲಿ ಕರ್ಪೂರವಿದೆಯೇ ಪರೀಕ್ಷಿಸಿ. ಯಾಕೆಂದು ಬರೆದಿಲ್ಲ. ಯಾರ ಹೆಸರೂ ಬರೆದಿಲ್ಲ.

ಸಿಗದಿದ್ದರೆ ಈ ನಿಮ್ಮ ಕಾಗದವೂ ಅವರ ಮೇಜಿಗೆ ಹೋಗುತ್ತದೆ.

ಶ್ರೀವಿದ್ಯಾ


ಕೂಕಟ್‌ಪಲ್ಲಿ
5 ಮೇ 2024

ಶ್ರೀವಿದ್ಯಾ ಮೇಡಂ ಅವರಿಗೆ,

ಮೊನ್ನೆಯ ವಿಚಾರಣೆಯನ್ನು ನೀವು ಮೈಸೂರಿನಿಂದಲೇ ಪರದೆಯ ಮೇಲೆ ನೋಡಿದ್ದೀರಿ. ಆದರೂ ಕೋಣೆಯ ಒಳಗಿನದನ್ನು ಬರೆಯುತ್ತೇನೆ, ಪರದೆಗೆ ಎಲ್ಲವೂ ಕಾಣುವುದಿಲ್ಲ.

ಮೊದಲು ನನ್ನ 20 ಮಾರ್ಚ್ ಕಾಗದವನ್ನು ಗಟ್ಟಿಯಾಗಿ ಓದಿದರು. ನಾನು ಬರೆದ ಮದುಮಗಳ ಮಾತು ಬಂದಾಗ ಒಬ್ಬರು ಕೆಮ್ಮಿದರು. ಬರೆಯುವಾಗ ಚೆನ್ನಾಗಿದ್ದ ಮಾತು, ಇನ್ನೊಬ್ಬರ ಬಾಯಲ್ಲಿ ಕೇಳಿದರೆ ಕಳ್ಳನ ಮಾತಿನಂತಿತ್ತು. ನಿಮ್ಮ ಕಾಗದಗಳು ನನ್ನ ಜೇಬಿನಲ್ಲೇ ಇದ್ದವು. ಕುತೂಹಲದ ಹೆಸರಿನಲ್ಲಿ ನೀವು ಬಲೆ ಬೀಸಿದ್ದನ್ನು ತೋರಿಸಬಹುದಿತ್ತು. ಕೈ ಜೇಬಿಗೆ ಹೋಯಿತು, ಕರವಸ್ತ್ರ ತೆಗೆದುಕೊಂಡು ಹೊರಬಂತು.

ಆಮೇಲೆ ಫ್ರೀಜರಿನ ಫಲಿತಾಂಶ ಓದಿದರು. ಕರ್ಪೂರದ ಕುರುಹು ಇದೆ.

ಅಧ್ಯಕ್ಷರು ಕನ್ನಡಕ ತೆಗೆದರು. "ಪಂಜರಕ್ಕೆ ಕರ್ಪೂರ ಹಾಕಿದವರು ಯಾರು?"

"ನಾನೇ ಹಾಕಿಸಿದ್ದು ಸಾರ್. ಇರುವೆ ಕಾಟ."

"ಇರುವೆ ಒಂದೇ ಗುಂಪಿನ ಪಂಜರಕ್ಕೆ ಬರುತ್ತವೆಯೇ?"

ಮೇಡಂ, ಇಷ್ಟು ವರ್ಷ ಮಾತಿನಲ್ಲೇ ಬದುಕಿದವನು ನಾನು. ಅಲ್ಲಿ ಸಿಕ್ಕ ಮಾತು ಇಷ್ಟೇ: ಸಿಂಕಿನ ಕಡೆಯ ಸಾಲಿಗೆ ಹೆಚ್ಚು ಬರುತ್ತವೆ ಎಂದೆ. ಅವರು ನಂಬಲಿಲ್ಲ. ನನ್ನನ್ನು ಬಿಟ್ಟು ಪರದೆಯ ಕಡೆ ತಿರುಗಿ ನಿಮ್ಮನ್ನು ಕೇಳಿದರು. "ಇದರ ಬಗ್ಗೆ ನಿಮ್ಮ ಬಳಿ ಬೇರೆ ಯಾವುದಾದರೂ ಕಾಗದವಿದೆಯೇ?"

ನೀವು ಇಲ್ಲ ಎಂದಿರಿ.

ನನ್ನ ನೋಂದಣಿಯನ್ನು ಒಂದು ವರ್ಷ ತಡೆಹಿಡಿದಿದ್ದಾರೆ. ಹಳೆ ಇಲಿ ಮಾರಿದವನೆಂದಲ್ಲ, ನಿಯಮ ಮೀರಿದವನೆಂದು. ಅದನ್ನು ಹೊರಬಲ್ಲೆ. ನಿಮ್ಮನ್ನು ಲ್ಯಾಬಿಗೆ ಕರೆದರೆಂದು ಕೇಳಿದೆ. ಸುಗಲಮ್ಮನನ್ನು ಸಂಸ್ಥೆಯವರೇ ನೇರವಾಗಿ ಕೆಲಸಕ್ಕೆ ತೆಗೆದುಕೊಂಡರು. ಇಂಥ ಮಾಲೀಕನ ಕೈಕೆಳಗೆ ಪಾಪ ಎಷ್ಟು ಕಷ್ಟಪಟ್ಟಳೋ ಎಂದರಂತೆ.

ಸುಗಲಮ್ಮನ ಹೆಸರಿದ್ದ ಕಾಗದ ಕೈಯಲ್ಲಿದ್ದೂ ನೀವು ಇಲ್ಲ ಎಂದದ್ದು ಯಾಕೆಂದು ಮೂರು ದಿನದಿಂದ ಯೋಚಿಸುತ್ತಿದ್ದೇನೆ. ಹೊಳೆದ ಒಳ್ಳೆಯ ಕಾರಣವನ್ನು ನಂಬಲು ಇನ್ನೂ ಧೈರ್ಯ ಬಂದಿಲ್ಲ.

ನಿನ್ನೆ ಸುಗಲಮ್ಮ ಮನೆಗೆ ಬಂದಿದ್ದಳು. "ಇನ್ನ ಕರ್ಪೂರ ಇಡಬ್ಯಾಡ ಅಂದ್ರಿ. ಯಾಕ್ರಿ? ನನ್ನಿಂದ ಏನರ ಆತೇನ್ರಿ ಆ ಇಲಿಗಳಿಗೆ?" ಎಂದಳು. ಏನೂ ಆಗಿಲ್ಲ ಬಿಡು, ಸಾಹೇಬರಿಗೆ ಆ ವಾಸನೆ ಆಗುವುದಿಲ್ಲ ಎಂದೆ. ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ. ನೀವು ಲ್ಯಾಬಿಗೆ ಬಂದಾಗ ನಿಮ್ಮನ್ನೂ ಕೇಳುತ್ತಾಳೆ. ನೀವೂ ಅದನ್ನೇ ಹೇಳಿ.

ಕೆಲಸವಿಲ್ಲದೆ ಈ ಊರಿನಲ್ಲಿ ಕೂರಲು ನನಗೆ ಬರುವುದಿಲ್ಲ. ಸೇಡಂಗೆ, ತಂಗಿಯ ಮನೆಗೆ ಹೊರಟಿದ್ದೇನೆ. ವಿಳಾಸವನ್ನು ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ.

ಕಲ್ಯಾಣಪ್ಪ


ಬೇಗಂಪೇಟೆ, ಹೈದರಾಬಾದ್
11 ಜೂನ್ 2024

ಕಲ್ಯಾಣಪ್ಪನವರಿಗೆ ನಮಸ್ಕಾರಗಳು.

ಸುಗಲಮ್ಮ ಕೇಳಿದಳು. ನೀವು ಹೇಳಿಕೊಟ್ಟದ್ದನ್ನು ನಾನು ಹೇಳಲಿಲ್ಲ.

ಹೇಳಬೇಕೆಂದೇ ಬಾಯಿ ತೆರೆದೆ. ಆದರೆ ನಿಮ್ಮ ಕರ್ಪೂರದ ಕಾಗದದಲ್ಲಿ ನೀವು ಬರೆದು ನೀವೇ ದಾಟಿಹೋದ ಒಂದು ಸಾಲಿದೆ: ಆಕೆಯ ಮೊಮ್ಮಗಳ ಕೊರಳಲ್ಲೂ ಆ ಗಂಟು ಇದೆ. ಆ ಮಗು ಅದನ್ನು ಬಾಯಿಗೆ ಹಾಕಿಕೊಳ್ಳುವ ವಯಸ್ಸಿನದು. ಹಾಗಾಗಿ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಕರ್ಪೂರ ತಿಂದರೆ ಏನಾಗುತ್ತದೆ, ಆ ಇಲಿಗಳ ಮಿದುಳಿನಲ್ಲಿ ಏನು ಏರಿತು, ಏನು ಇಳಿಯಿತು. ನಿಮಗೆ ಒಂದು ವರ್ಷ ಕೆಲಸವಿಲ್ಲದ್ದು ಯಾಕೆ ಎಂಬುದನ್ನೂ.

ಆಕೆ ಅಳಲಿಲ್ಲ. ಹೊಟ್ಟಿನ ಚೀಲ ಅಲ್ಲೇ ಬಿಟ್ಟು ಮನೆಗೆ ಹೋದಳು. ಮರುದಿನ ಹೊತ್ತಿಗೆ ಸರಿಯಾಗಿ ಬಂದು ಪಂಜರ ತೊಳೆದಳು. ಕೂಸಿನ ಕೊರಳಿನದು ಬಿಚ್ಚಿ ಒಲೆಗೆ ಹಾಕಿದೆ ಎಂದಳು. ಆಮೇಲೆ ಕೈ ಒರೆಸಿಕೊಳ್ಳುತ್ತ ನನ್ನ ಮುಂದೆ ಬಂದು ನಿಂತಳು.

"ಮೇಡಮ್ಮಾರ, ಒಂದ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಾ ಫಿಟ್ಸ್ ಬರಬಾರದಂತ ಇಟ್ಟೆ, ಬಂತು. ನೀವು ಬರಲಿ ಅಂತನ ಸೂಜಿ ಹಾಕ್ತೀರಿ. ಕಮಿಟಿ ನಿಮ್ಮನ್ನ ಅದನ್ಯಾಕ ಕೇಳಲಿಲ್ಲ?"

ಇದರಿಂದ ಮುಂದೆ ಮನುಷ್ಯರಿಗೆ ಔಷಧ ಸಿಗುತ್ತದೆ ಎಂದೆ. ಅದು ನಿಜ. ಆಕೆ ತಲೆಯಾಡಿಸಿದಳು, ನಂಬಿದಳೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.

ಹೊಸ ಇಲಿಗಳು ಬಂದಿವೆ, ಬೇರೆಯವರಿಂದ. ಇವತ್ತು ಮೊದಲ ಸೂಜಿ ಹಾಕುವ ದಿನ. ಇಷ್ಟು ಕಾಲ ಸೂಜಿ ಹಾಕುವಾಗ ನಾನು ಯಾರನ್ನೂ ಒಳಗೆ ಬಿಟ್ಟವಳಲ್ಲ. ಸುಗಲಮ್ಮ ಬಾಗಿಲಲ್ಲಿ ನಿಂತಿದ್ದಳು. ಹೋಗು ಎನ್ನಲಿಲ್ಲ. ಆಕೆ ನೋಡುತ್ತಿದ್ದಳು, ನಾನು ಇಲಿಯನ್ನು ಎತ್ತಿಕೊಂಡು ಸೂಜಿ ಹಾಕಿದೆ.

ಶ್ರೀವಿದ್ಯಾ